ಸಾಫ್ಟ್‌ನರ್‌ಗೆ ಮುಂಚೆ ಫಿಲ್ಟರ್ ಬೇಕೆ? ಮೊದಲು ಒಂದು ಬಾಟಲಿ ನೀರು ಹಿಡಿಯಿರಿ

ಪ್ರಶ್ನೆ: ಹೊಸೂರಿನ ಬಾಗಲೂರು ರಸ್ತೆ ಕಡೆ ಹೊಸ ಮನೆ ಕಟ್ಟಿದ್ದೇವೆ. ಐದು ಜನ ಇದ್ದೇವೆ. 850 ಅಡಿಯ ಬೋರ್‌ವೆಲ್ ಇದೆ, ಆಗಾಗ ಹೊಗೇನಕಲ್ ಪೈಪಿನ ನೀರು ಬರುತ್ತದೆ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸುತ್ತೇವೆ. ಮೂರೂ ಒಂದೇ ಸಂಪಿಗೆ ಬೀಳುತ್ತವೆ. ಬೋರ್‌ವೆಲ್ ನೀರಿನ ವರದಿಯಲ್ಲಿ ಗಡಸುತನ 540, ಟಿಡಿಎಸ್ (ಕರಗಿದ ಲವಣಗಳ ಮೊತ್ತ) 960, ಕಬ್ಬಿಣ 0.7 ಅಂತ ಬಂದಿದೆ, ಎಲ್ಲ ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ. ನೀರಿನ ಗಡಸು ತೆಗೆಯುವ, 25 ಲೀಟರ್ ರೆಸಿನ್ನಿನ ಆಟೊಮ್ಯಾಟಿಕ್ ಸಾಫ್ಟ್‌ನರ್ ತೆಗೆದುಕೊಳ್ಳುವುದು ಅಂತ ಆಗಿದೆ. ಅದರ ಮುಂದೆ ಮೂರು ಹಂತದ ಫಿಲ್ಟರ್ ಹಾಕಿಸದಿದ್ದರೆ ವಾರಂಟಿ ಇಲ್ಲ ಅನ್ನುತ್ತಾರೆ ಅಂಗಡಿಯವರು. ಪಕ್ಕದ ಮನೆಯವರು ನಾಲ್ಕು ವರ್ಷದಿಂದ ಯಾವ ಫಿಲ್ಟರೂ ಇಲ್ಲದೆ ನಡೆಸುತ್ತಿದ್ದಾರೆ. ಯಾರ ಮಾತು ಕೇಳಲಿ? ಮುಂದಿನ ವಾರ ಪ್ಲಂಬರ್ ಬರುತ್ತಾನೆ.

ಉತ್ತರ: ನಿಮ್ಮ ಮನೆಗೆ ಫಿಲ್ಟರ್ ಬೇಕಾಗುತ್ತದೆ ಅಂತಲೇ ನನ್ನ ಅಂದಾಜು. ಆದರೆ ಅಂಗಡಿಯವರು ಹೇಳಿದ ಮೂರು ಹಂತದ್ದಲ್ಲ, ಅವರು ಹೇಳಿದ ಕಾರಣಕ್ಕೂ ಅಲ್ಲ. ಪಕ್ಕದ ಮನೆಯವರ ಅನುಭವ ಸುಳ್ಳಲ್ಲ, ಆದರೆ ಅದು ಅವರ ಬೋರ್‌ವೆಲ್ಲಿನ, ಅವರ ಸಂಪಿನ ಮಾತು. ಹೊಸೂರು ಸೀಮೆಯಲ್ಲಿ ನೆಲದಡಿ ಇರುವುದು ಗಟ್ಟಿ ಕಲ್ಲು. ನೀರು ಬರುವುದು ಆ ಕಲ್ಲಿನ ಬಿರುಕುಗಳಿಂದ. ನಿಮ್ಮ ಕೊಳವೆಗೆ ಸಿಕ್ಕ ಬಿರುಕೇ ಮೂವತ್ತು ಅಡಿ ಆಚೆಗಿನ ಕೊಳವೆಗೂ ಸಿಕ್ಕಿರಬೇಕೆಂದಿಲ್ಲ. ಒಂದರಲ್ಲಿ ಕನ್ನಡಿಯಂಥ ನೀರು, ಇನ್ನೊಂದರಲ್ಲಿ ಮೋಟರ್ ಹಾಕಿದ ಮೊದಲ ಹತ್ತು ನಿಮಿಷ ಕಲ್ಲುಹಿಟ್ಟು ಬರುವುದನ್ನು ಒಂದೇ ಬೀದಿಯಲ್ಲಿ ನೋಡಿದ್ದೇನೆ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸಿಬಿಡುತ್ತೇನೆ. ಗಡಸುತನ 540 ಇದೆ, ಅದಕ್ಕೇ ಫಿಲ್ಟರ್ ಬೇಕು ಅಂತ ಬಹಳ ಜನ ಹೇಳುತ್ತಾರೆ. ಗಡಸುತನಕ್ಕೂ ಫಿಲ್ಟರಿಗೂ ಸಂಬಂಧವೇ ಇಲ್ಲ. ಗಡಸು ಅಂದರೆ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಸಕ್ಕರೆ ಕರಗಿದ ಪಾನಕವನ್ನು ಪಂಚೆಯಲ್ಲಿ ಸೋಸಿದರೆ ಸಿಹಿ ಹೋಗುವುದಿಲ್ಲವಲ್ಲ, ಇದೂ ಹಾಗೆಯೇ. ಕರಗಿದ್ದನ್ನು ಹಿಡಿಯುವುದು ಸಾಫ್ಟ್‌ನರ್ ಒಳಗಿನ ರೆಸಿನ್ ಕೆಲಸ. ಅರ್ಧ ಮಿಲಿಮೀಟರ್ ಆಸುಪಾಸಿನ ಪ್ಲಾಸ್ಟಿಕ್ ಮಣಿಗಳವು. ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಮಣಿಗಳು ತುಂಬಿದಾಗ ಉಪ್ಪುನೀರು ಹಾಯಿಸಿ ತೊಳೆದರೆ ಮತ್ತೆ ಖಾಲಿಯಾಗುತ್ತವೆ. ಫಿಲ್ಟರ್ ಹಿಡಿಯುವುದು ಕರಗದೆ ತೇಲುತ್ತಿರುವ ಮರಳು, ಮಣ್ಣು, ತುಕ್ಕುಗಳನ್ನು ಮಾತ್ರ. ಅಂದರೆ ಸಾಫ್ಟ್‌ನರ್ ಬೇಕೆ ಅನ್ನುವುದಕ್ಕೆ ವರದಿಯ ಗಡಸುತನದ ಅಂಕಿ ಉತ್ತರ ಕೊಡುತ್ತದೆ. ಫಿಲ್ಟರ್ ಬೇಕೆ ಅನ್ನುವುದಕ್ಕೆ ಆ ವರದಿಯಲ್ಲಿ ಹೆಚ್ಚೇನೂ ಇಲ್ಲ.

ಸಾಫ್ಟ್‌ನರ್ ಅಂತೂ ನಿಮಗೆ ಬೇಕು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಾಗ 600ರವರೆಗೆ ಒಪ್ಪಬಹುದು. 540ರ ನೀರಿನಲ್ಲಿ ಯಾರ ಬೇಳೆಯೂ ಬೇಯುವುದಿಲ್ಲ. (ಕಾಸರಗೋಡಿನಿಂದಲೂ ಇದೇ ಪ್ರಶ್ನೆ ಬರುತ್ತಿರುತ್ತದೆ. ಅಲ್ಲಿನ ಕೆಂಪುಕಲ್ಲಿನ ಬಾವಿ ನೀರು ಸಾಮಾನ್ಯವಾಗಿ ಮೊದಲೇ ಮೆದು. ಅಲ್ಲಿನ ತೊಂದರೆ ಹುಳಿ ಗುಣ ಮತ್ತು ಕಬ್ಬಿಣ. ಅಂಥ ಮನೆಗೆ ಸಾಫ್ಟ್‌ನರ್ ಮಾರುವುದು ಮಳೆಗಾಲದಲ್ಲಿ ಟ್ಯಾಂಕರ್ ನೀರು ಮಾರಿದ ಹಾಗೆ.)

ಈಗ ನಿಜವಾದ ವಿಷಯಕ್ಕೆ ಬರೋಣ. ನಿಮ್ಮ ವರದಿಯ ನೀರನ್ನು ಬೋರ್‌ವೆಲ್ ಬಾಯಲ್ಲಿ ಹಿಡಿದದ್ದು. ಸಾಫ್ಟ್‌ನರ್ ಕೂರುವುದು ಅಲ್ಲಲ್ಲ. ಕೊಳವೆಯಿಂದ ಬಂದ ನೀರು ಸಂಪಿನಲ್ಲಿ ನಿಂತು, ಹೊಗೇನಕಲ್ ನೀರಿನ ಜೊತೆ ಬೆರೆತು, ಮೇಲಿನ ಟ್ಯಾಂಕಿಗೆ ಏರಿ, ಅಲ್ಲಿ ಇನ್ನೊಂದಿಷ್ಟು ಹೊತ್ತು ನಿಂತು ಆಮೇಲೆ ಸಾಫ್ಟ್‌ನರಿಗೆ ಬರುತ್ತದೆ. ಅಷ್ಟರಲ್ಲಿ ನೀರು ಬದಲಾಗಿರುತ್ತದೆ. ದಪ್ಪ ಮರಳು ಸಂಪಿನ ತಳ ಸೇರಿರುತ್ತದೆ. ಕಬ್ಬಿಣದ್ದು ಇದಕ್ಕೆ ಉಲ್ಟಾ ಆಟ. ನೆಲದಾಳದಲ್ಲಿ ಗಾಳಿ ಇಲ್ಲದ ಕಡೆ ಅದು ಕರಗಿಕೊಂಡಿರುತ್ತದೆ, ನೀರು ತಿಳಿಯಾಗಿಯೇ ಕಾಣುತ್ತದೆ. ಗಾಳಿ ತಾಗಿದ ಮೇಲೆ ನಿಧಾನವಾಗಿ ತುಕ್ಕಾಗಿ, ಹಳದಿ-ಕೆಂಪು ಪುಡಿಯಾಗಿ ತೇಲತೊಡಗುತ್ತದೆ. ಬೋರ್‌ವೆಲ್ ಬಾಯಲ್ಲಿ ಯಾವ ಫಿಲ್ಟರಿಗೂ ಸಿಗದ ಕಬ್ಬಿಣ ಟ್ಯಾಂಕಿನಿಂದ ಇಳಿಯುವಾಗ ಫಿಲ್ಟರಿಗೆ ಸಿಗುತ್ತದೆ ಅಂತಾಯಿತು. ಹಾಗಾಗಿ ಪರೀಕ್ಷೆಯ ನೀರನ್ನು ಸಾಫ್ಟ್‌ನರ್ ಕೂರುವ ಜಾಗದಲ್ಲೇ, ಅಂದರೆ ಟ್ಯಾಂಕಿನಿಂದ ಇಳಿಯುವ ಪೈಪಿನಲ್ಲೇ ಹಿಡಿಯಬೇಕು.

ಅದಕ್ಕೆ ಲ್ಯಾಬ್ ಬೇಡ. ಲೇಬಲ್ ಕಿತ್ತ, ಬಣ್ಣವಿಲ್ಲದ ಎರಡು ಲೀಟರಿನ ಬಾಟಲಿ ತಗೊಳ್ಳಿ. ಬೆಳಿಗ್ಗೆ ಮೋಟರ್ ಹಾಕಿ ಟ್ಯಾಂಕ್ ತುಂಬುತ್ತಿರುವಾಗಲೇ, ನೀರು ಕಲಕಿರುವ ಹೊತ್ತಿನಲ್ಲಿ, ಒಂದು ಗೇಣು ಎತ್ತರಕ್ಕೆ ನೀರು ಹಿಡಿದು ಚೆನ್ನಾಗಿ ಕುಲುಕಿ ಅಲ್ಲಾಡದ ಕಡೆ ಇಡಿ. ಒಂದು ನಿಮಿಷದೊಳಗೆ ತಳಕ್ಕೆ ಬಿದ್ದದ್ದು ಮರಳು. ಅದನ್ನು ಬೇರೆಯಾಗಿ ಗಮನಿಸಿ, ಯಾಕಂದರೆ ಅದಕ್ಕೆ ಮದ್ದೇ ಬೇರೆ. ಆಮೇಲೆ ಮೂರು ಗಂಟೆ ಮುಟ್ಟಬೇಡಿ. ಐದು ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಗಾತ್ರದ ಮಣ್ಣಿನ ಕಣ ಒಂದು ಗೇಣು ನೀರಿನಲ್ಲಿ ಮೇಲಿಂದ ತಳಕ್ಕೆ ಇಳಿಯಲು ಹೆಚ್ಚೂಕಡಿಮೆ ಅಷ್ಟೇ ಹೊತ್ತು ಬೇಕು. ಫಿಲ್ಟರಿನೊಳಗೆ ಕೂರುವ, ಮಾರುಕಟ್ಟೆಯಲ್ಲಿ ಸಿಗುವ ಬಿಳಿ ನೂಲಿನ ಕಾರ್ಟ್ರಿಜ್‌ನ ಅಳತೆಯೂ ಸಾಮಾನ್ಯವಾಗಿ ಐದು ಮೈಕ್ರಾನೇ. ಅಂದರೆ ಮೂರು ಗಂಟೆಯಲ್ಲಿ ಬಾಟಲಿ ತಿಳಿಯಾಗಿ ತಳದಲ್ಲಿ ಪದರ ಕಂಡರೆ ಆ ಕಾರ್ಟ್ರಿಜ್ ನಿಮಗೆ ಉಪಯೋಗಕ್ಕೆ ಬರುತ್ತದೆ. ಮೂರು ಗಂಟೆಯಾದರೂ ನೀರು ಹಾಲು ಬೆರೆಸಿದ ಹಾಗೆ ಮಬ್ಬಾಗಿಯೇ ಇದ್ದರೆ ಅದು ಐದು ಮೈಕ್ರಾನಿಗಿಂತ ಸಣ್ಣ ಜೇಡಿ, ಕಾರ್ಟ್ರಿಜ್ ಅದನ್ನು ನಂಬುವ ಹಾಗೆ ಹಿಡಿಯುವುದಿಲ್ಲ. ಆಗ ಸಂಪಿನಲ್ಲೇ ಏನಾದರೂ ಮಾಡಬೇಕು. ಮೂರು ಗಂಟೆಯಾದ ಮೇಲೂ ತಳದಲ್ಲಿ ಏನೂ ಇಲ್ಲ, ನೀರೂ ತಿಳಿ ಅಂದರೆ ಸದ್ಯಕ್ಕೆ ಪಕ್ಕದ ಮನೆಯವರೇ ಗೆದ್ದರು.

ಬಾಟಲಿಯನ್ನು ಚೆಲ್ಲಬೇಡಿ. ರಾತ್ರಿಯಿಡೀ ಮುಚ್ಚಳ ತೆಗೆದು ಹಾಗೇ ಬಿಡಿ. ಬೆಳಿಗ್ಗೆ ನೀರು ಹಳದಿಗೆ ತಿರುಗಿದ್ದರೆ, ಅಥವಾ ಗೋಡೆಗೆ ಕೆಂಪು ಹತ್ತಿದ್ದರೆ, ಟ್ಯಾಂಕ್ ದಾಟಿಯೂ ಕರಗಿದ ಕಬ್ಬಿಣ ಉಳಿದಿದೆ ಎಂದರ್ಥ. ಇದೇ ದಿನ ಬೋರ್‌ವೆಲ್ ಬಾಯಲ್ಲೂ ಇನ್ನೊಂದು ಬಾಟಲಿ ಹಿಡಿದಿಟ್ಟು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ನಿಮ್ಮ ಸಂಪು ಎಷ್ಟು ಕೆಲಸ ಮಾಡುತ್ತಿದೆ ಅನ್ನುವುದು ಕಣ್ಣಿಗೇ ಕಾಣುತ್ತದೆ.

ಪ್ಲಂಬರ್ ಬರುವ ಮೊದಲು ಇನ್ನೊಂದು ಕೆಲಸ ಮಾಡಿ, ಕಮೋಡಿನ ಫ್ಲಶ್ ಟ್ಯಾಂಕಿನ ಮುಚ್ಚಳ ತೆಗೆದು ನೋಡಿ. ಗೃಹಪ್ರವೇಶವಾಗಿ ಕೆಲವು ತಿಂಗಳಾಗಿದ್ದರೆ ಅದೇ ನಿಮ್ಮ ನೀರಿನ ದಿನಚರಿ. ತಳದಲ್ಲಿ ಬೆರಳಿಗೆ ಗರಗರ ಅನ್ನಿಸಿದರೆ ಮರಳು, ನುಣ್ಣಗೆ ಕೆಂಪಗೆ ಇದ್ದರೆ ತುಕ್ಕು, ಲೋಳೆಲೋಳೆಯಾಗಿ ಕಿತ್ತಳೆ ಬಣ್ಣಕ್ಕಿದ್ದರೆ ಕಬ್ಬಿಣ ತಿಂದು ಬೆಳೆಯುವ ಬ್ಯಾಕ್ಟೀರಿಯಾ. ಕೊನೆಯದಾದರೆ ಮೊದಲು ಕೊಳವೆಗೂ ಸಂಪಿಗೂ ಕ್ಲೋರಿನ್ ಕೊಟ್ಟು ಶುದ್ಧ ಮಾಡಿಸಬೇಕು. ಆ ಲೋಳೆಗೆ ಯಾವ ಕಾರ್ಟ್ರಿಜ್ಜೂ ವಾರ ಬಾಳುವುದಿಲ್ಲ. ಬಿಳಿ ಪುಡಿ ಸಿಕ್ಕಿದರೆ ಒಂದಿಷ್ಟು ತೆಗೆದು ಅದರ ಮೇಲೆ ನಿಂಬೆರಸ ಹಿಂಡಿ. ಬುರುಗು ಬಂದು ಕರಗಿದರೆ ಅದು ಸುಣ್ಣ, ಅಂದರೆ ಗಡಸುತನವೇ ಗಟ್ಟಿಯಾಗಿ ಕೂತದ್ದು. ಅದಕ್ಕೆ ಫಿಲ್ಟರ್ ಅಲ್ಲ, ಸಾಫ್ಟ್‌ನರೇ ಉತ್ತರ. ವಾಷಿಂಗ್ ಮೆಷಿನ್ನಿನ ನೀರಿನ ಪೈಪ್ ಬಿಚ್ಚಿ ಒಳಗಿನ ಪುಟ್ಟ ಜಾಲರಿಯನ್ನೂ ನೋಡಿ, ಅದೂ ಸುಳ್ಳು ಹೇಳುವುದಿಲ್ಲ.

ಇಷ್ಟೆಲ್ಲ ಯಾಕೆ, ಸುಮ್ಮನೆ ಒಂದು ಫಿಲ್ಟರ್ ಹಾಕಿಬಿಟ್ಟರೆ ನಷ್ಟವೇನು ಅಂತ ಕೇಳಬಹುದು. ನಷ್ಟ ಪ್ರೆಶರಿನಲ್ಲಿದೆ. ಹತ್ತು ಮೀಟರ್ ಎತ್ತರದ ನೀರು ಕೊಡುವುದು ಒಂದು ಬಾರ್ ಒತ್ತಡ. ಒಂದು ಅಂತಸ್ತಿಗೆ ಮೂರು ಮೀಟರ್ ಅಂದುಕೊಂಡರೆ ನಿಮ್ಮ ಮೇಲಿನ ಮಹಡಿಯ ಬಚ್ಚಲಿಗೆ ಸಿಗುವುದು 0.3 ಬಾರ್, ಕೆಳಗೆ 0.6. ಆಟೊಮ್ಯಾಟಿಕ್ ಸಾಫ್ಟ್‌ನರ್ ತಲೆ (ನೀರಿನ ದಾರಿ ಬದಲಿಸುವ ಮೇಲಿನ ವಾಲ್ವ್) ಸರಿಯಾಗಿ ಕೆಲಸ ಮಾಡಲು ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಬಾರ್ ಬೇಕು. ಆದ್ದರಿಂದ ಪ್ರೆಶರ್ ಪಂಪ್ ಹೇಗೂ ಬೇಕೇಬೇಕು. ಆ ಪಂಪ್ ಕೊಟ್ಟ ಒತ್ತಡದಲ್ಲಿ ಪ್ರತಿ ಕಾರ್ಟ್ರಿಜ್ಜೂ ತನ್ನ ಪಾಲು ತಿನ್ನುತ್ತದೆ, ಕಟ್ಟಿಕೊಂಡಷ್ಟೂ ಹೆಚ್ಚು ತಿನ್ನುತ್ತದೆ. ರೆಸಿನ್ ತೊಳೆಯುವಾಗ ಉಪ್ಪುನೀರನ್ನು ಎಳೆದುಕೊಳ್ಳುವ ಇಂಜೆಕ್ಟರ್ ಅನ್ನುವ ಸಣ್ಣ ಮೂತಿ ಈ ಒತ್ತಡದಿಂದಲೇ ನಡೆಯುತ್ತದೆ. ಒತ್ತಡ ಬಿದ್ದರೆ ಉಪ್ಪುನೀರು ಏರುವುದಿಲ್ಲ, ರೆಸಿನ್ ತೊಳೆಯುವುದಿಲ್ಲ, ನಲ್ಲಿಯಲ್ಲಿ ಮತ್ತೆ ಗಡಸು ನೀರು. ಮೆಷಿನ್ ಮಾತ್ರ ಹೊತ್ತಿಗೆ ಸರಿಯಾಗಿ ಗುಂಯ್‌ಗುಟ್ಟುತ್ತಿರುತ್ತದೆ. ಉಪ್ಪಿನ ಡಬ್ಬಿಯಲ್ಲಿ ಉಪ್ಪು ಹದಿನೈದು ದಿನವಾದರೂ ಇಳಿದಿಲ್ಲ ಅಂದರೆ ಖುಷಿಪಡಬೇಡಿ.

ನಾನೇ ಎಡವಿದ್ದನ್ನೂ ಹೇಳಬೇಕು. ಹೊಸೂರಿನ ಹತ್ತಿರದ ತಳಿ ಊರಿನ ಕಡೆಯ ಒಂದು ಮನೆಗೆ ಫಿಲ್ಟರ್ ಬೇಡ ಅಂದಿದ್ದೆ. ಬೋರ್‌ವೆಲ್ ನೀರು ಅಷ್ಟು ತಿಳಿಯಾಗಿತ್ತು, ಬಾಟಲಿಯೂ ತಿಳಿಯಾಗಿತ್ತು. ನಾನು ನೋಡಿದ್ದು ಡಿಸೆಂಬರ್‌ನಲ್ಲಿ. ಏಪ್ರಿಲ್‌ನಲ್ಲಿ ಕೊಳವೆ ಬತ್ತಿ ಟ್ಯಾಂಕರ್ ಶುರುವಾಯಿತು. ಟ್ಯಾಂಕರ್ ನೀರು ಸಂಪಿಗೆ ಧುಮುಕಿದ ರಭಸಕ್ಕೆ ವರ್ಷಗಳಿಂದ ತಳದಲ್ಲಿ ಕೂತಿದ್ದ ಕೆಸರೆಲ್ಲ ಎದ್ದು ಮೇಲಿನ ಟ್ಯಾಂಕಿಗೆ ಹೋಯಿತು. ಜೂನ್‌ನಲ್ಲಿ ಕರೆದರು. ಇಂಜೆಕ್ಟರ್ ಮೂತಿಯಲ್ಲಿ ಸಾಸಿವೆಗಿಂತ ಸಣ್ಣ ಕಲ್ಲಿನ ಚೂರು ಸಿಕ್ಕಿಕೊಂಡಿತ್ತು, ತಲೆಯೊಳಗಿನ ಪಿಸ್ಟನ್ನಿನ ಸೀಲುಗಳಲ್ಲಿ ಗೀರು ಬಿದ್ದಿತ್ತು. ರೆಸಿನ್ನಿಗೆ ಏನೂ ಆಗಿರಲಿಲ್ಲ. ಸಾಫ್ಟ್‌ನರ್ ಪ್ರತಿ ಸಲ ತೊಳೆಯುವಾಗ ನೀರನ್ನು ಕೆಳಗಿಂದ ಮೇಲಕ್ಕೆ ಹಾಯಿಸಿ ಮಣ್ಣನ್ನು ಹೊರಗೆ ಕಳಿಸುತ್ತದೆ, ಹಾಗಾಗಿ ಅಷ್ಟಿಷ್ಟು ಮಣ್ಣನ್ನು ರೆಸಿನ್ ತಡೆದುಕೊಳ್ಳುತ್ತದೆ. ಮರಳಿಗೆ ಮೊದಲು ಬಲಿಯಾಗುವುದು ತಲೆ, ದುಬಾರಿ ಭಾಗವೂ ಅದೇ. ಆಮೇಲಿನಿಂದ ನಾನು ಟ್ಯಾಂಕರ್ ತರಿಸುವ ಮನೆಗೆ ‘ಫಿಲ್ಟರ್ ಬೇಡ’ ಅನ್ನುವ ಮಾತನ್ನು ಬಿಟ್ಟಿದ್ದೇನೆ.

ಇನ್ನು ನಿಮ್ಮ 0.7 ಕಬ್ಬಿಣದ ಲೆಕ್ಕ. ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಹಿಡಿದರೆ ಐದು ಜನಕ್ಕೆ 675 ಲೀಟರ್. ಅದರಲ್ಲಿ ಬರುವ ಕಬ್ಬಿಣ ದಿನಕ್ಕೆ ಅರ್ಧ ಗ್ರಾಂ ಆಸುಪಾಸು. ಏನೂ ಅಲ್ಲ ಅನ್ನಿಸುತ್ತದೆ. ವರ್ಷಕ್ಕೆ 170 ಗ್ರಾಂ ಆಗುತ್ತದೆ, ತುಕ್ಕಾಗಿ ನೀರು ಹೀರಿಕೊಂಡರೆ ಮುನ್ನೂರು ಗ್ರಾಂ ದಾಟುತ್ತದೆ. ಅಷ್ಟೂ ರೆಸಿನ್ ಮೇಲೆ ಕೂತರೆ ಎರಡು ಮೂರು ವರ್ಷದಲ್ಲಿ ಮಣಿಗಳು ಕಾಫಿಪುಡಿ ಬಣ್ಣಕ್ಕೆ ತಿರುಗುತ್ತವೆ, ತುಕ್ಕಿನ ಕವಚ ಹೊದ್ದ ಮಣಿ ಉಪ್ಪಿಗೂ ಬಗ್ಗುವುದಿಲ್ಲ. ಅದೃಷ್ಟಕ್ಕೆ ನಿಮ್ಮಲ್ಲಿ ಸಂಪು, ಟ್ಯಾಂಕ್ ಎರಡೂ ಇವೆ. ಸಂಪಿಗೆ ನೀರು ಬೀಳುವ ಪೈಪನ್ನು ನೀರಿನ ಮಟ್ಟಕ್ಕಿಂತ ಮೇಲೆ ನಿಲ್ಲಿಸಿ, ತುದಿಗೆ ಹಳೆಯ ಶವರ್ ತಲೆಯಂಥದ್ದನ್ನು ಕಟ್ಟಿದರೂ ಸಾಕು, ಸಿಡಿದು ಬೀಳುವಾಗ ಗಾಳಿ ಬೆರೆತು ಬಹುಪಾಲು ಕಬ್ಬಿಣ ಅಲ್ಲೇ ತುಕ್ಕಾಗುತ್ತದೆ. ಆಮೇಲೆ ಕಾರ್ಟ್ರಿಜ್ ಹಿಡಿಯುತ್ತದೆ. ಎರಡನೇ ದಿನದ ಬಾಟಲಿ ಆಗಲೂ ಕೆಂಪಾಗುತ್ತಿದ್ದರೆ ಮಾತ್ರ ಕಬ್ಬಿಣಕ್ಕೆಂದೇ ಇರುವ ಬೇರೆ ಮಾಧ್ಯಮದ ಫಿಲ್ಟರ್ ಬೇಕು. ಅದು ಬಿಳಿ ಕಾರ್ಟ್ರಿಜ್ ಅಲ್ಲ, ಸಾಫ್ಟ್‌ನರಿನಷ್ಟೇ ದೊಡ್ಡ ಇನ್ನೊಂದು ಸಿಲಿಂಡರ್. ಅಂಗಡಿಯವರ ಮೂರು ಹಂತದಲ್ಲಿ ಅದು ಇಲ್ಲವೇ ಇಲ್ಲ ಅನ್ನುವುದನ್ನು ಗಮನಿಸಿ. ಅಂದಹಾಗೆ ಲ್ಯಾಬಿನಲ್ಲಿ ಕಬ್ಬಿಣ ನೋಡಿಸುವಾಗ ಅದಕ್ಕೆಂದೇ ಆಸಿಡ್ ಹಾಕಿದ ಬಾಟಲಿ ಕೇಳಿ ಪಡೆಯಿರಿ. ಸಾದಾ ಬಾಟಲಿಯಲ್ಲಿ ಕೊಟ್ಟರೆ ದಾರಿಯಲ್ಲೇ ಕಬ್ಬಿಣ ತುಕ್ಕಾಗಿ ಗೋಡೆಗೆ ಅಂಟಿ, ವರದಿಯಲ್ಲಿ ಇರುವುದಕ್ಕಿಂತ ಕಡಿಮೆ ಬರುತ್ತದೆ. ತಮಿಳುನಾಡಿನ ನೀರು ಸರಬರಾಜು ಮಂಡಳಿಯಾದ ಟ್ವಾಡ್ ಬೋರ್ಡಿನ ಪ್ರಯೋಗಾಲಯದಲ್ಲಿ ಶುಲ್ಕ ಕಟ್ಟಿ ಮಾಡಿಸಬಹುದು.

ಆ ಮೂರು ಹಂತ ಯಾವುವು ಅಂತ ನೀವು ಬರೆದಿಲ್ಲ, ಆದರೆ ಸಾಮಾನ್ಯವಾಗಿ ಕೊಡುವುದು ಇಪ್ಪತ್ತು ಮೈಕ್ರಾನ್, ಐದು ಮೈಕ್ರಾನ್, ಆಮೇಲೊಂದು ಕಾರ್ಬನ್. ಕಾರ್ಬನ್ ಬೇಡವೇ ಬೇಡ. ಕ್ಲೋರಿನ್ ರೆಸಿನ್ನನ್ನು ಸವೆಸುತ್ತದೆ ಅನ್ನುವುದು ನಿಜ. ಆದರೆ ಪೈಪಿನ ನೀರಿನಲ್ಲಿ ನಲ್ಲಿಯ ಹತ್ತಿರ ಉಳಿಯುವುದು ಲೀಟರಿಗೆ 0.2 ಮಿಲಿಗ್ರಾಂ ಲೆಕ್ಕದಲ್ಲಿ, ಅದೂ ನಿಮ್ಮ ಸಂಪಿನಲ್ಲಿ ಬೋರ್‌ವೆಲ್ ನೀರಿನ ಜೊತೆ ಸೇರಿ ಇನ್ನೂ ಕಡಿಮೆ. ಅಷ್ಟಕ್ಕೆ ರೆಸಿನ್ ಹೆದರುವುದಿಲ್ಲ. ಕಾರ್ಬನ್ ಆ ಇದ್ದ ಚೂರು ಕ್ಲೋರಿನ್ನನ್ನೂ ತೆಗೆದುಬಿಟ್ಟರೆ ಬೆಚ್ಚಗಿನ ರೆಸಿನ್ ಗೂಡು ಬ್ಯಾಕ್ಟೀರಿಯಾಗಳಿಗೆ ಛತ್ರವಾಗುತ್ತದೆ. ಸಂಪಿಗೆ ಬ್ಲೀಚಿಂಗ್ ಪೌಡರ್ ಹಾಕಿದ ದಿನ ಮಾತ್ರ ಸಾಫ್ಟ್‌ನರ್ ಬೈಪಾಸ್ ಮಾಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಎರಡು ಕಡೆ ಹಾಕಿಸುತ್ತೇನೆ. ಬೋರ್‌ವೆಲ್ ಪೈಪ್ ಸಂಪಿಗೆ ಬೀಳುವ ಮುಂಚೆ ತೊಳೆದು ಮತ್ತೆ ಬಳಸುವ ಡಿಸ್ಕ್ ಫಿಲ್ಟರ್ ಒಂದು. ಹೊಸೂರಿನವರಿಗೆ ಇದನ್ನು ವಿವರಿಸಬೇಕಿಲ್ಲ, ಸುತ್ತ ಇರುವ ಗುಲಾಬಿ ಪಾಲಿಹೌಸುಗಳಲ್ಲಿ ಡ್ರಿಪ್ ಪೈಪಿನ ತಲೆಗೆ ಇರುವುದು ಅದೇ. ಡ್ರಿಪ್ ಸಾಮಾನಿನ ಅಂಗಡಿಯಲ್ಲೇ ಸಿಗುತ್ತದೆ. 120 ಮೆಶ್‌ನದು ತಗೊಂಡರೆ 130 ಮೈಕ್ರಾನ್ ಮೇಲಿನ ಮರಳೆಲ್ಲ ಅಲ್ಲೇ ನಿಲ್ಲುತ್ತದೆ, ಬಿಚ್ಚಿ ಬಕೆಟ್ಟಿನಲ್ಲಿ ಅಲುಬಿದರೆ ಮತ್ತೆ ಹೊಸದು. ಎರಡನೆಯದು ಪ್ರೆಶರ್ ಪಂಪ್ ಆದ ಮೇಲೆ, ಸಾಫ್ಟ್‌ನರಿಗೆ ಮುಂಚೆ, ಇಪ್ಪತ್ತು ಅಂಗುಲದ ದಪ್ಪ ಜಂಬೋ ಹೌಸಿಂಗಿನಲ್ಲಿ (ಕಾರ್ಟ್ರಿಜ್ ಕೂರುವ ಡಬ್ಬಿ) ನೂಲಿನ ಕಾರ್ಟ್ರಿಜ್. ಆರ್‌ಒ ಯಂತ್ರಕ್ಕೆ ಹಾಕುವ ಹತ್ತು ಅಂಗುಲದ ಸಪೂರದ್ದನ್ನು ಇಡೀ ಮನೆಯ ಪೈಪಿಗೆ ಹಾಕಿದರೆ ಒಬ್ಬರು ಸ್ನಾನಕ್ಕೆ ನಿಂತಾಗ ಇನ್ನೊಬ್ಬರು ಪಾತ್ರೆ ತೊಳೆಯುವ ಹಾಗಿಲ್ಲ. ಮೊದಲ ಕಾರ್ಟ್ರಿಜ್ ಐದು ಮೈಕ್ರಾನಿಂದಲೇ ಶುರು ಮಾಡಬೇಡಿ, ಇಪ್ಪತ್ತರದು ಹಾಕಿ. ಹೌಸಿಂಗಿನ ಹಿಂದೆ ಮುಂದೆ ಒಂದೊಂದು ಪ್ರೆಶರ್ ಗೇಜ್ ಕೂರಿಸಿ. ಎರಡರ ನಡುವಿನ ವ್ಯತ್ಯಾಸ ಅರ್ಧ ಬಾರ್ ಮುಟ್ಟಿದಾಗ ಬದಲಿಸಿ, ಮೂರು ತಿಂಗಳಿಗೊಮ್ಮೆ ಅಂತ ಸರ್ವೀಸ್ ಹುಡುಗ ಹೇಳಿದಾಗ ಅಲ್ಲ. ಬಾಟಲಿಯ ತಳದಲ್ಲಿ ನುಣುಪಾದ ಪದರ ದಪ್ಪಗಿದ್ದರೆ ಆಮೇಲೆ ಐದಕ್ಕೆ ಇಳಿಯಿರಿ. ವಾರಂಟಿಯ ವಿಷಯದಲ್ಲಿ ಬಾಯಿಮಾತು ಬಿಡಿ, ಕೈಪಿಡಿಯಲ್ಲಿ ಒಳಬರುವ ನೀರಿಗೆ ಮಬ್ಬು, ಕಬ್ಬಿಣ, ಒತ್ತಡ ಎಷ್ಟಿರಬೇಕು ಅಂತ ಅಚ್ಚಾಗಿರುತ್ತದೆ, ಅದನ್ನು ತೋರಿಸಿ ಅನ್ನಿ. ಕಂಪನಿಯ ಮಿತಿ ಅದು, ಅಂಗಡಿಯ ಪ್ಯಾಕೇಜ್ ಅಲ್ಲ.

ಫಿಲ್ಟರ್ ಹಾಕಿಯೂ ಇಂಜೆಕ್ಟರ್ ಕಟ್ಟುವ ಮನೆಗಳಿವೆ. ಅಲ್ಲಿ ಕಳ್ಳ ಬೇರೆ ದಾರಿಯಿಂದ ಬಂದಿರುತ್ತಾನೆ, ಉಪ್ಪಿನ ಡಬ್ಬಿಯಿಂದ. ನಿಮ್ಮ 25 ಲೀಟರ್ ರೆಸಿನ್ ಈ ನೀರಿಗೆ ಮೂರುವರೆ ದಿನಕ್ಕೊಮ್ಮೆ ತೊಳೆಯಬೇಕಾಗುತ್ತದೆ, ಒಂದು ಸಲಕ್ಕೆ ಮೂರು ಕೆಜಿಯಂತೆ ತಿಂಗಳಿಗೆ 25-30 ಕೆಜಿ ಉಪ್ಪು. ಅಗ್ಗಕ್ಕೆ ಸಿಗುತ್ತದೆ ಅಂತ ಮೂಟೆಯ ಕಲ್ಲುಪ್ಪು ಸುರಿದರೆ ಅದರಲ್ಲಿರುವ ಮಣ್ಣು ನೇರ ಇಂಜೆಕ್ಟರಿಗೆ ಹೋಗುತ್ತದೆ, ಮುಂದೆ ಎಷ್ಟು ಫಿಲ್ಟರ್ ಇದ್ದರೂ ಅಷ್ಟೇ. ಮಾತ್ರೆ ಆಕಾರದ ಶುದ್ಧ ಉಪ್ಪು ಬಳಸಿ. ರೆಸಿನ್ ತೊಳೆದ ನೀರನ್ನು ಗಿಡಗಳಿಗೆ ಬಿಡಬೇಡಿ, ತೆಂಗಿನ ಬುಡಕ್ಕೂ ಬೇಡ.

ಕುಡಿಯುವ ನೀರಿನ ಪೈಪನ್ನು ಇದರಿಂದ ಬೇರೆ ಮಾಡಿ ಯೋಚಿಸಿ. ಸಾಫ್ಟ್‌ನರ್ ಟಿಡಿಎಸ್ ಇಳಿಸುವುದಿಲ್ಲ, ಗಡಸುತನ ನೂರು ಇಳಿದಷ್ಟಕ್ಕೂ ಲೀಟರಿಗೆ 46 ಮಿಲಿಗ್ರಾಂ ಸೋಡಿಯಂ ಸೇರಿಸುತ್ತದೆ. ಬಿಪಿಗೆ ಉಪ್ಪು ಕಡಿಮೆ ಮಾಡಿ ಅಂದಿರುವ ಹಿರಿಯರು ಮನೆಯಲ್ಲಿದ್ದರೆ ಅದು ಲೆಕ್ಕಕ್ಕೆ ಬರುತ್ತದೆ. ಫ್ಲೋರೈಡನ್ನೂ ಅದು ಮುಟ್ಟುವುದಿಲ್ಲ. ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳಿಗೆ ಹೊಗೇನಕಲ್‌ನಿಂದ ಕಾವೇರಿ ನೀರು ತಂದದ್ದೇ ಇಲ್ಲಿನ ಬೋರ್‌ವೆಲ್‌ಗಳ ಫ್ಲೋರೈಡಿನ ಕಾರಣಕ್ಕೆ. ಆ ನೀರನ್ನು ನೀವು ಸಂಪಿನಲ್ಲಿ ಬೆರೆಸಿಬಿಡುತ್ತಿದ್ದೀರಿ. ಸಾಧ್ಯವಾದರೆ ಅಡುಗೆಮನೆಗೆ ಅದನ್ನೇ ಒಂದು ಸಣ್ಣ ಬೇರೆ ಟ್ಯಾಂಕಿಗೆ ಹಿಡಿಯಿರಿ.

ಪ್ಲಂಬರ್ ಬಂದಾಗ ಬಾಟಲಿಯ ಫಲಿತಾಂಶ ಏನೇ ಬಂದಿರಲಿ, ಪಂಪಿಗೂ ಸಾಫ್ಟ್‌ನರಿಗೂ ನಡುವೆ ಎರಡು ಅಡಿ ನೇರ ಪೈಪು, ಎರಡು ತುದಿಗೆ ಯೂನಿಯನ್ (ಬಿಚ್ಚಿ ಕೂಡಿಸಬಹುದಾದ ಜೋಡಣೆ), ಸುತ್ತಿ ಹೋಗುವ ಬೈಪಾಸಿಗೆ ಮೂರು ವಾಲ್ವ್ ಇಡಿಸಿ. ಹೌಸಿಂಗನ್ನು ನೆಲಕ್ಕೆ ತಾಗಿಸಿ ಕೂರಿಸಲು ಬಿಡಬೇಡಿ. ಇಪ್ಪತ್ತು ಅಂಗುಲದ ಕಾರ್ಟ್ರಿಜ್ ತೆಗೆಯಬೇಕಾದರೆ ಹೌಸಿಂಗಿನ ಬಟ್ಟಲನ್ನು ತಿರುಗಿಸಿ ಕೆಳಗಿಳಿಸಬೇಕು, ಅದರ ತಳದಿಂದ ನೆಲಕ್ಕೆ ಅದು ಇಳಿಯುವಷ್ಟು ಜಾಗ ಬೇಕು. ಟೈಲ್ಸ್ ಹಾಕಿದ ಗೋಡೆಗೆ ಕ್ಲಾಂಪ್ ಹೊಡೆದ ಮೇಲೆ ಇದು ನೆನಪಾದ ಮನೆಗಳಲ್ಲಿ ಹೌಸಿಂಗ್ ಬಿಚ್ಚದೆಯೇ ವರ್ಷ ಕಳೆಯುತ್ತದೆ, ಒಳಗಿನ ಕಾರ್ಟ್ರಿಜ್ ಕಪ್ಪಾಗಿರುತ್ತದೆ.